ಗಾಯರಾಣದ ಹುಲ್ಲು, ಮೈಲಾರವ್ವನ ಅಡಕಲು

ಇದರಲ್ಲಿ ಒಂದು ಮಾತು ಸುಳ್ಳಿದ್ದರೆ ನನ್ನ ಎಮ್ಮೆ ನಾಳೆಯಿಂದ ಹಾಲಿನ ಬದಲು ನೀರು ಕೊಡಲಿ. ಈಗಲೇ ಅರ್ಧ ನೀರು ಎನ್ನುವವರ ಮಾತು ಬೇರೆ.

ಎಂಬತ್ತೆಂಟನೇ ಇಸವಿ. ಶಂಕ್ರಪ್ಪ ಎಂಬ ವಿಜ್ಞಾನಿ ಸಾಹೇಬರು ಇಬ್ಬರು ಜೊತೆಗಾರರನ್ನು ಕಟ್ಟಿಕೊಂಡು ಧಾರವಾಡದಿಂದ ನಮ್ಮ ಬಮ್ಮಿಗಟ್ಟಿಗೆ ಬರತೊಡಗಿ ಮೂರು ವರ್ಷವಾಗಿತ್ತು. ಊರ ದನ ಮೇಯುವ ಗಾಯರಾಣದಲ್ಲೂ ಅದರ ಸುತ್ತಮುತ್ತಲೂ ದಾರದ ಚೌಕ ಹಾಕಿ, ಅದರೊಳಗೆ ಎಷ್ಟು ಜಾತಿಯ ಹುಲ್ಲಿದೆ ಎಂದು ಎಣಿಸುವುದು ಅವರ ಕೆಲಸ. ಹುಲ್ಲು ಎಣಿಸುವವರನ್ನು ಯಾರು ನಂಬುತ್ತಾರೆ? ನಮ್ಮ ಗಾಯರಾಣಕ್ಕೆ ಎಮ್ಮೆ ಹೊಕ್ಕರೆ ಕೊರಳ ಗಂಟೆಯ ಸದ್ದು ಹಿಡಿದೇ ಹುಡುಕಬೇಕು, ಅಂಥ ಹುಲ್ಲು. ಇದರಲ್ಲಿ ಏನೋ ಹುಳುಕಿದೆ ಎಂದು ನಾನು ದಿನಾ ಅವರ ಹಿಂದೆಯೇ ಹೋಗಿ ಕೂಡುತ್ತಿದ್ದೆ.

ಹುಳುಕು ಹೊರಬಿತ್ತು. ಹುಲ್ಲಿನ ಜಾತಿ ಕಡಿಮೆಯಾಗಿದ್ದರೆ ಸರಕಾರದವರು ಗಾಯರಾಣಕ್ಕೆ ಐದು ವರ್ಷ ಬೇಲಿ ಹಾಕುತ್ತಾರಂತೆ. ಸಾಹೇಬರ ಕಾಗದದಲ್ಲಿ ಎರಡೇ ಜಾತಿ ಎಂದು ಬಂದಿತ್ತು. ಬೇಲಿ ಬಿದ್ದರೆ ಊರ ದನವೆಲ್ಲ ಸಂತೆಗೆ ಹೋಗುವುದೇ.

ನಮ್ಮ ಚಿಗವ್ವ ಮೈಲಾರವ್ವನಿಗೆ ನಲವತ್ತು ಹುಲ್ಲಿನ ಹೆಸರು ಬಾಯಲ್ಲೇ ಇತ್ತು. ನೇರ ಹೋಗಿ ಕೇಳಿದಳು.

"ಎರಡು ಅಂತ ಬರದೀರಲ್ರಿ, ಯಾವ ಜಾಗಾದ್ದು? ಯಾವ ತಿಂಗಳದ್ದು?"

ಸಾಹೇಬರು ಹಾಳೆ ತಿರುವಿದರು. ಎಣಿಕೆ ಒಂದು ಉದ್ದ ಹಾಳೆಯಲ್ಲಿ, ತಿಂಗಳು ಇನ್ನೊಂದರಲ್ಲಿ, ಜಾಗ ಮೂರನೆಯದರಲ್ಲಿ. ಸಾಲಿಗೆ ಸಾಲು ಹೊಂದಿಸಿ ಓದಬೇಕು. ನಡುವೆ ಎಲ್ಲೋ ಒಂದು ಸಾಲು ಜಾರಿತ್ತು, ಎಲ್ಲಿ ಎಂದು ಅವರಿಗೂ ತಿಳಿಯದು. ಬೇಕಂತಲೇ ಜಾರಿಸಿದ್ದಾರೆ ಎಂದು ಚಿಗವ್ವ ನನ್ನ ಕಿವಿಯಲ್ಲಿ ಊದಿದಳು.

ಹಾಳೆ ಸರಿಪಡಿಸಲೆಂದು ಸಾಹೇಬರು ಹುಬ್ಬಳ್ಳಿಯಿಂದ ಕುತುಬುದ್ದೀನ ಮಾಸ್ತರನನ್ನು ಕರೆಸಿದರು. ಆತ ಕೌದಿ ಸುತ್ತಿದ ಕಂಪ್ಯೂಟರ್ ತಂದು ಶಾಲೆಯಲ್ಲಿಟ್ಟ. ಮದುವೆಗೂ ಬಾರದ ಕರೆಂಟು ಆ ಪೆಟ್ಟಿಗೆಗೆ ಮೂರು ದಿನ ಬಿಡದೆ ಬಂತು. ಅದರ ಬಿಸಿಗೆ ನಮ್ಮ ಕೋಳಿ ಮೇಲೆ ಕೂತು ಮೂರೇ ದಿನದಲ್ಲಿ ಹನ್ನೊಂದು ಮರಿ ಮಾಡಿತು.

ಮಾಸ್ತರ ಹೇಳಿದ್ದಿಷ್ಟು: ಉದ್ದ ಹಾಳೆ ಬಿಡಿ. ಊರೊಳಗೆ ಜಾಗ, ಜಾಗದೊಳಗೆ ತಿಂಗಳು, ತಿಂಗಳೊಳಗೆ ಚೌಕ, ಹೀಗೆ ಒಂದರೊಳಗೊಂದು ಇಟ್ಟು ಎಲ್ಲವನ್ನೂ ಒಂದೇ ಫೈಲಿನಲ್ಲಿ ಕಟ್ಟಿ. ಯಾರು ಎಣಿಸಿದ್ದು, ಮಳೆ ಬಿದ್ದಿತ್ತೋ ಇಲ್ಲವೋ ಎಂಬ ಚೀಟಿ ಆಯಾ ಎಣಿಕೆಗೇ ಅಂಟಿಕೊಂಡಿರಲಿ.

ಸಾಹೇಬರ ಮುಖ ಗಂಟಾಯಿತು. ಎಲ್ಲ ಒಂದೇ ಕಡೆ ತುಂಬಿದ ಮೇಲೆ ಅದೇ ಕೆಟ್ಟರೆ? ಕಣ್ಣಿಗೆ ಕಾಣುವ ಹಾಳೆ ಬಿಟ್ಟು ಕಾಣದ್ದನ್ನು ಹೇಗೆ ನಂಬುವುದು? ಆವತ್ತು ಮೊದಲ ಸಲ ಸಾಹೇಬರು ನಮ್ಮಂಥವರೇ ಅನ್ನಿಸಿತು.

ಕಿಟಕಿಯಲ್ಲಿ ನಿಂತು ಕೇಳುತ್ತಿದ್ದ ಚಿಗವ್ವ ಅಂದಳು, "ಇದೇನ್ ಹೊಸಾದ್ರಿ? ನಮ್ಮನ್ಯಾಗ ಅಜ್ಜಿ ಕಾಲದಿಂದ ಐತಿ. ಬರ್ರಿ, ತೋರಸ್ತೀನಿ."

ಅವಳ ಅಡಿಗೆಮನೆ ಮೂಲೆಯಲ್ಲಿ ಅಡಕಲು, ಗಡಿಗೆಯ ಮೇಲೆ ಗಡಿಗೆ. ಒಂದೊಂದು ಗಡಿಗೆ ಒಂದೊಂದು ಹೊಲದ್ದು. ಒಳಗೆ ವರ್ಷಕ್ಕೊಂದು ಬೀಜದ ಗಂಟು, ಆ ವರ್ಷ ಹರಿದ ಸೀರೆಯ ತುಂಡಿನಲ್ಲಿ ಕಟ್ಟಿದ್ದು. ಗಂಟಿನೊಳಗೆ ಬೀಜದ ಜೊತೆ ಆ ಹೊಲದ ಒಂದು ಚಿಟಿಕೆ ಮಣ್ಣು.

ಅವಳು ನೀರು ತರಲು ಹೋದಾಗ ಸಾಹೇಬರು ಕೆಳಗಿನ ಗಡಿಗೆಯ ಗಂಟೊಂದನ್ನು ಮೇಲಿನದಕ್ಕೆ ಹಾಕಿದರು. ನಾನು ನೋಡಿದೆ, ಸುಮ್ಮನಿದ್ದೆ. ಚಿಗವ್ವನ ಮೇಲೆ ನನಗೂ ಅನುಮಾನವಿತ್ತು.

ಆಮೇಲೆ, ಮೇಲಿನ ಗಡಿಗೆಯಿಂದ ಆ ಗಂಟನ್ನೇ ತೆಗೆದು ಇದು ಯಾವುದು ಎಂದು ಕೇಳಿದರು. ಅವಳು ಬಿಚ್ಚಿ ಮಣ್ಣು ತಿಕ್ಕಿ ನೋಡಿದಳು.

"ಇದು ಕೆಳಗಿನ ಗಡಿಗೀದು. ಕೆರಿ ಬಾಜು ಹೊಲದ ಭತ್ತ. ಸೀರಿ ನಮ್ಮ ರೇಣುಕವ್ವನ ಮದುವಿ ವರ್ಷ ಹರದದ್ದು. ಇಲ್ಲಿ ಯಾರ್ ಇಟ್ಟಾರ್ರಿ, ಸಾಹೇಬ್ರ?"

ಸಾಹೇಬರು ಗಂಟು ಕಟ್ಟಿ ತಾವೇ ಕೆಳಗಿನ ಗಡಿಗೆಗೆ ಹಾಕಿದರು. ಚಿಗವ್ವ ಬಿಡಲಿಲ್ಲ.

"ಗಡಿಗಿ ತಪ್ಪಿದ್ರೂ ನನ್ನ ಗಂಟು ತನ್ನ ಗುರುತು ತಾನ ಹೇಳತೈತಿ. ನಿಮ್ಮ ಹಾಳ್ಯಾಗಿನ ಎರಡು ಏನೂ ಹೇಳೂದಿಲ್ಲ."

ಸಾಹೇಬರು ಹುಲ್ಲಿನಲ್ಲಿ ಕೂತು ಬರೆದ ಹಳೆಯ ಕಿಸೆ ಪುಸ್ತಕಗಳನ್ನು ತಾವೇ ಹೊರತೆಗೆದರು. ಮೂರು ದಿನ ಎಲ್ಲವನ್ನೂ ಮಾಸ್ತರನ ಪೆಟ್ಟಿಗೆಯಲ್ಲಿ ಒಂದರೊಳಗೊಂದು ತುಂಬಿದರು. ಚಿಗವ್ವ ಬಾಜೂಕೆ ಕೂತು ಕಾದಳು. ಆ ಎರಡು ಜಾತಿ ಸಿಕ್ಕಿದ್ದು ಗಾಯರಾಣದಲ್ಲಲ್ಲ, ಸುಡುವ ಬೇಸಿಗೆಯಲ್ಲಿ ಚಕ್ಕಡಿ ದಾರಿಯ ಚೌಕದಲ್ಲಿ. ಮಳೆ ಬಿದ್ದ ಮೇಲೆ ಗಾಯರಾಣದಲ್ಲಿ ಮೂವತ್ತೇಳು. ಉಳಿದ ಮೂರು ಯಾರು ತಿಂದರು ಎಂದು ಚಿಗವ್ವ ಕೇಳಿದಳು. ಬೇಲಿ ಮಾತ್ರ ಬರಲಿಲ್ಲ.

ಇಷ್ಟು ಕೇಳಿದಿರಿ. ಇನ್ನೊಬ್ಬರಿಗೆ ಹೇಳುವಾಗ ಊರು ಬಮ್ಮಿಗಟ್ಟಿ, ಹೇಳಿದವನು ಎಮ್ಮೆಯ ಲಕ್ಷ್ಮಪ್ಪ, ಇಂಥ ದಿನ ಎಂಬ ಚೀಟಿ ಕಟ್ಟಿಯೇ ಹೇಳಬೇಕು. ನಿಮಗೂ ಒಂದು ಚೀಟಿ ಬೇಕಲ್ಲ? ಯಾವ ಊರು, ಯಾರು ಕಳಿಸಿದರು, ಆಗಿನಿಂದ ನಿಮ್ಮ ಕೈಯ ಆ ಕಿಸೆ ಪುಸ್ತಕದಲ್ಲಿ ಏನು ಬರೆಯುತ್ತಿದ್ದೀರಿ? ಆ ಚೀಟಿಯನ್ನು ನನ್ನ ಕೈಗೆ ಕೊಟ್ಟು ಆಮೇಲೆ ಏಳಿ.