ತೂಗುಮಣೆಯ ಪರೀಕ್ಷೆ

"ನಮ್ಮ ಅವ್ವ ಬಿದ್ದು ಸಾಯಬೇಕೇನಲೇ, ಭಾಡ್ಯಾ? ಚಲ್, ಮೊದಲ ನೀ ಕೂಡು. ಹರದು ಬಿದ್ರ ನೀ ಸಾಯಿ."

ಕಲ್ಯಾಣಪ್ಪ ಸಾವುಕಾರರು ಹೀಗೆಂದದ್ದು ಸಿಟ್ಟಿನಿಂದಲ್ಲ, ಅಡಿಕೆ ಜಗಿಯುತ್ತ. ಮಿಸ್ತ್ರಿ ಕಲ್ಲಣ್ಣ ಕೊಂಡಿಯ ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟ. ಭಂಡಾರಕವಠೆ ಊರಿನ ದಲಿತ ಕೇರಿಯವನಾದರೂ ಕಟ್ಟಿಗೆಯ ಕೆಲಸದಲ್ಲಿ ಹೆಸರಾದವನು. ವಿಜಾಪುರ ರಸ್ತೆಯ ಆ ಹೊಸ ಬಂಗಲೆಯ ನಡುಮನೆಯಲ್ಲಿ ಅವನೇ ಮಾಡಿದ ಸಾಗವಾನಿ ತೂಗುಮಣೆ, ಮನೆಯವರ ಬಾಯಲ್ಲಿ ಝೋಪಾಳಾ, ಹಿತ್ತಾಳೆ ಸರಪಳಿಯಿಂದ ಇಳಿಬಿದ್ದು ಮಿನುಗುತ್ತಿತ್ತು.

ಅಂದು ಸಾವುಕಾರರ ಮಗಳು ಪ್ರಣಿತಾಳನ್ನು ನೋಡಲು ಗಂಡಿನವರು ಬರುವವರಿದ್ದರು. ಅಂಥ ಮನೆಗಳಲ್ಲಿ ತೂಗುಮಣೆಯ ಮೇಲೆ ಕೂತವರೇ ಹಿರಿಯರು; ಬಂದವರು ಮೊದಲು ನಮಸ್ಕಾರ ಮಾಡುವುದು ಅವರಿಗೇ. ಸಾವುಕಾರರ ತಾಯಿ ಉಮಾಬಾಯಿಗೆ ಆ ನಮಸ್ಕಾರ ಬೇಕಿತ್ತು, ಕೂಡ್ರಲು ಮಾತ್ರ ಧೈರ್ಯವಿರಲಿಲ್ಲ. ಹಳೇ ಮನೆಯ ತೂಗುಮಣೆ ಕೊಂಡಿ ಕಳಚಿ, ನೆಂಟರೆದುರೇ ಧೊಪ್ಪೆಂದು ಬಿದ್ದವರು ಅವರು.

ಉಸುಕಿನ ಚೀಲ ಇಟ್ಟು ನೋಡೋಣ ಎಂದ ಕಲ್ಲಣ್ಣ. ಪಾಲಿಶ್ ಮೇಲೆ ಗೀರು ಬೀಳುತ್ತದೆ ಎಂದರು ಸಾವುಕಾರರು. ಮನೆಯವರಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ಜೀವ ಯಾರಿಗೆ ಬೇಡ? ಹಾಗಾಗಿ ಸರದಿ ಮಿಸ್ತ್ರಿಗೆ ಬಂತು. ಮೈಲಿಗೆಯ ಗೊಡವೆಯನ್ನು ಉಮಾಬಾಯಿಯೇ ಬಗೆಹರಿಸಿದರು.

"ಪರೀಕ್ಷಾಕ್ಕ ಮೈಲಿಗಿ ಇಲ್ಲ. ಆಮ್ಯಾಲ ಗೋಮೂತ್ರ ಚಿಮುಕಸ್ತೀನಿ, ಆತು."

ಹೋದ ವಾರ ಇದೇ ಬಾಯಿಗೆ ಈ ಶಾಸ್ತ್ರ ಗೊತ್ತಿರಲಿಲ್ಲ. ಕಲ್ಲಣ್ಣನ ಹೆಂಡತಿ ಗುರುಬಾಯಿ ಬೆಳಗಿನಿಂದ, ಇನ್ನೂ ನೆಲದ ಮೇಲಿದ್ದ ಮಣೆಗೆ ಪಾಲಿಶ್ ಕಾಗದ ತಿಕ್ಕಿ ತಿಕ್ಕಿ, ಸೊಂಟ ಹಿಡಿದುಕೊಂಡು ಅದರ ಅಂಚಿಗೆ ಗಳಿಗೆ ಹೊತ್ತು ಕೂತಿದ್ದಳು. "ಏಳ, ರಂಡಿ. ಕೇರ್ಯಾಗಿನ ಕುಂಡಿ ನಮ್ಮ ಝೋಪಾಳಾಕ್ಕ ಹಚ್ಚತಿ?" ಎಂದು ಉಮಾಬಾಯಿ ಮಣೆಯ ಮೇಲೆ ಕೊಡಗಟ್ಟಲೆ ನೀರು ಸುರಿಸಿದರು. ನೀರು ಕುಡಿದು ಕಟ್ಟಿಗೆಯ ನಾರೆದ್ದು ಒರಟಾಯಿತು. ಮತ್ತೆ ತಿಕ್ಕಿದವಳೂ ಗುರುಬಾಯಿಯೇ. ಆಗ ಅವಳ ಕೈಗೆ ಮೈಲಿಗೆ ಇರಲಿಲ್ಲ.

ಕಲ್ಲಣ್ಣ ಅಲ್ಲೇ ಇದ್ದ. ಕೈಮುಗಿದು, ತಪ್ಪಾತ್ರಿ ಬಾಯಾರ, ಎಂದ. ಪ್ರಣಿತಾಳ ಲಗ್ನಕ್ಕೆ ಮಂಚ, ಕಪಾಟು ಎಲ್ಲ ನಿನಗೇ ಎಂದು ಸಾವುಕಾರರು ಮೂಗಿಗೆ ತುಪ್ಪ ಸವರಿದ್ದರು. ಅಂದಿನಿಂದ ಗುರುಬಾಯಿ ಗಂಡನೊಡನೆ ಮಾತು ಬಿಟ್ಟಳು. ರೊಟ್ಟಿ ಬಡಿದು ಹಾಕುವಳು, ಕೆಲಸಕ್ಕೂ ಬರುವಳು, ಬಾಯಿ ಮಾತ್ರ ತೆರೆಯಳು. ಬೈದಿದ್ದರೆ ಕಲ್ಲಣ್ಣ ಹಗುರಾಗುತ್ತಿದ್ದ. ಹೆಂಡತಿಯ ಕಣ್ಣಲ್ಲಿ ತಾನು ಗಂಡಸಾಗಿ ಉಳಿದಿಲ್ಲವೆಂದು ಒಳಗೇ ಬೇಯುತ್ತಿದ್ದ.

ಈಗಲೂ ಅವಳು ಬಾಗಿಲ ಬಳಿ ಒರೆಸುವ ಅರಿವೆ ಹಿಡಿದು ಅವನನ್ನೇ ನೋಡುತ್ತಿದ್ದಳು. ಕಲ್ಲಣ್ಣ ಹೋಗಿ ಕೂತ. ಸರಪಳಿ ಚಕಾರ ಎತ್ತಲಿಲ್ಲ.

"ನಾ ಒಬ್ಬನ ಸಾಲಂಗಿಲ್ರಿ," ಎಂದ. "ಬಾಯಾರ ವಜನ ನೋಡಿದ್ರ ಇಬ್ಬರರೆ ಬೇಕು."

ಸಾವುಕಾರರು ತಾಯಿಯ ಗಾತ್ರವನ್ನೊಮ್ಮೆ ನೋಡಿ ಒಪ್ಪಿದರು. ಗುರುಬಾಯಿ ಬಂದು ಗಂಡನ ಪಕ್ಕ ಕೂತಳು. ಕಲ್ಲಣ್ಣ ನೆಲಕ್ಕೆ ಕಾಲು ಒತ್ತಿ ತೂಗಿದ.

ಮಣೆ ಗಟ್ಟಿ ಇದೆಯೆಂದು ಎಲ್ಲರಿಗೂ ಖಾತ್ರಿಯಾಯಿತು. ಸಾಕು, ಇಳಿಯಿರಿ ಎಂದರು ಸಾವುಕಾರರು. ಇವರು ಇಳಿಯಲಿಲ್ಲ. ಹೊರಗೆ ಕಾರು ನಿಂತ ಸದ್ದಾಯಿತು. ಉಮಾಬಾಯಿ ಗೋಮೂತ್ರದ ತಂಬಿಗೆ ಹಿಡಿದು ಓಡಿಬಂದರು. ಮುಂದೆ ಹೋದರೆ ಮಣೆ ಬಡಿಯುತ್ತದೆ, ಹಿಡಿದು ನಿಲ್ಲಿಸಿದರೆ ಇವರನ್ನು ಮುಟ್ಟಿದಂತಾಗುತ್ತದೆ. ದೊಡ್ಡವರ ಫಜೀತಿಯೂ ದೊಡ್ಡದೇ.

ಸಾವುಕಾರರು ಹಲ್ಲು ಕಡಿದು ಪಿಸುಗುಟ್ಟಿದರು. "ಇಳೀಲೇ, ಹಲ್ಕಟ್. ಲಗ್ನದ ಕೆಲಸ ಒಂದೂ ನಿನಗ ಸಿಗಂಗಿಲ್ಲ ನೋಡು."

"ಬ್ಯಾಡ ಬಿಡ್ರಿ," ಎಂದ ಕಲ್ಲಣ್ಣ. "ನೀವ ಕೂಡಂದ್ರಿ, ಕೂತೀವಿ. ಪರೀಕ್ಷಾ ಇನ್ನಾ ಮುಗಿದಿಲ್ಲ."

ಗಂಡಿನವರು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಮುಂದಿದ್ದ ಮುದುಕರು ರಣಬಿಸಿಲಿಂದ ಬಂದವರು. ಕಣ್ಣು ಕಿರಿದು ಮಾಡಿ ತೂಗುಮಣೆಯ ಕಡೆ ನೋಡಿ, ರೀತಿ ಬಿಡದೆ ಬಾಗಿ ನಮಸ್ಕರಿಸಿದರು.

ಕಲ್ಲಣ್ಣ ಕಾಲೂರಿ ಮಣೆ ನಿಲ್ಲಿಸಿದ. ಗುರುಬಾಯಿ ಸೆರಗು ಸರಿಮಾಡಿಕೊಂಡು ಕೈಮುಗಿದಳು.

"ಬರ್ರಿ, ಒಳಗ ಬರ್ರಿ," ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು. "ಯಾಕ ನಿಲ್ಲಿಸಿದ್ರಿ? ತೂಗ್ರಿ."