ಮುಟ್ಟಿದರೆ ಮುನಿಯುವ ಹುಣ್ಣು

ಅತ್ತೆಯ ಮೊಣಕಾಲ ಕೆಳಗೆ ಮೊದಲು ಎದ್ದದ್ದು ಕಡಲೆ ಗಾತ್ರದ ಒಂದು ಗುಳ್ಳೆ. ಒಡೆದು ಹುಣ್ಣಾಯಿತು. ಸರ್ಜನ್ ಕೊಳೆತ ಚರ್ಮವನ್ನು ಕತ್ತರಿಸಿ ತೆಗೆದರು. ವಾರದೊಳಗೆ ಹುಣ್ಣು ಅಂಗೈಯಗಲ ಹರಡಿತು. ನಾಳೆ ಇನ್ನೂ ಆಳಕ್ಕೆ ಕತ್ತರಿಸುವುದು, ಅದಕ್ಕೂ ಬಗ್ಗದಿದ್ದರೆ ಕಾಲನ್ನೇ ತೆಗೆಯುವುದು ಎಂದು ತೀರ್ಮಾನವಾಗಿತ್ತು. ಆಸ್ಪತ್ರೆಯ ಮಂಚದ ಪಕ್ಕ ಕುಳಿತ ಸೊಸೆ ಊಟದ ಡಬ್ಬಿಯನ್ನು ಬಿಚ್ಚದೆ ಪಕ್ಕಕ್ಕಿಟ್ಟಳು.

"ಯಾಕೇ ಮುಖ ಗಂಟು ಹಾಕ್ಕೊಂಡಿದ್ದೀಯ? ಹೋಗೋದು ನನ್ನ ಕಾಲು ತಾನೆ!" ಎಂದರು ಅತ್ತೆ.

"ಸಾಕು, ಸುಮ್ನಿರಿ ಅತ್ತೆ."

ಮಧ್ಯಾಹ್ನ ಸರ್ಜನ್ ತಮ್ಮ ವಿದ್ಯಾರ್ಥಿಗಳ ದಂಡಿನೊಡನೆ ಚರ್ಮದ ಡಾಕ್ಟರನ್ನು ಕರೆತಂದರು. ತಲೆ ನರೆತ ಹೆಂಗಸು. ಆಕೆ ಹುಣ್ಣಿನ ನೇರಳೆ ಅಂಚನ್ನು ಮುಟ್ಟದೆ, ಬಗ್ಗಿ ನೋಡಿದರು. ಆಮೇಲೆ ಕಾಲು ಬಿಟ್ಟು ಕೈ ಹಿಡಿದರು. ರಕ್ತ ತೆಗೆಯಲು ಸೂಜಿ ಚುಚ್ಚಿದ್ದಲ್ಲೇ ಒಂದು ಕೀವುಗುಳ್ಳೆ.

"ಇದ್ಯಾವಾಗ ಬಂತಮ್ಮ?"

"ಚುಚ್ಚಿದ ಮಾರನೇ ದಿನ. ಆ ಕೈಯಲ್ಲೂ ಹೀಗೇ ಆಗಿದೆ ಡಾಕ್ಟ್ರೇ," ಎಂದಳು ಸೊಸೆ.

ಚರ್ಮದ ಡಾಕ್ಟರು ಸರ್ಜನ್ ಕಡೆ ತಿರುಗಿದರು. "ಇದು ಮುಟ್ಟಿದರೆ ಮುನಿ ಜಾತಿ. ಗಾಯ ಮಾಡಿದಷ್ಟೂ ಕೆರಳುತ್ತೆ. ಬಲು ಅಪರೂಪ. ಎಷ್ಟೋ ಸಲ ಇದರ ಬೇರು ರಕ್ತದಲ್ಲಿರುತ್ತೆ, ಮೂಳೆಮಜ್ಜೆ ಪರೀಕ್ಷೆ ಮಾಡಿಸೋಣ. ಕತ್ತಿ ಮಾತ್ರ ಬೇಡ. ಉರಿಯೂತ ತಗ್ಗಿಸೋ ಮಾತ್ರೆ ಶುರು ಮಾಡೋಣ."

"ಸೋಂಕಾಗಿದ್ದರೆ? ಆ ಮಾತ್ರೆ ಮೈಯ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುತ್ತೆ, ಜೀವಕ್ಕೇ ಕುತ್ತು."

"ಕೀವು ಎಷ್ಟು ಸಲ ಪರೀಕ್ಷೆಗೆ ಕಳಿಸಿದ್ರಿ? ಒಂದರಲ್ಲಾದ್ರೂ ರೋಗಾಣು ಸಿಕ್ತಾ?"

ಸರ್ಜನ್ ವರದಿಗಳನ್ನು ಮತ್ತೆ ತಿರುವಿ ನೋಡಿದರು; ಒಂದರಲ್ಲೂ ರೋಗಾಣು ಇರಲಿಲ್ಲ. ಅವರು ಬಂದರೆ ನರ್ಸುಗಳೆಲ್ಲ ಗೋಡೆಗೆ ಸರಿಯುತ್ತಿದ್ದರು; ಅಂಥ ಆಳು. ಸೊಸೆ ಅವರ ಮುಖವನ್ನೇ ನೋಡುತ್ತಿದ್ದಳು. ಅವರು ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕುಳಿತರು.

"ಅಜ್ಜಿ, ನಾನು ಕತ್ತರಿಸಿದ್ದಕ್ಕೇ ಇದು ಇಷ್ಟು ದೊಡ್ಡದಾಗಿದೆ. ತಪ್ಪು ನನ್ನದು. ನಾಳೆ ಆಪರೇಷನ್ ಇಲ್ಲ."

ವಿದ್ಯಾರ್ಥಿಗಳೆಲ್ಲ ಕೇಳಿಸಿಕೊಂಡರು. ಕತ್ತರಿಸುವುದಕ್ಕೆ ಎಂಟೆದೆ ಬೇಕೆಂದು ಸೊಸೆ ಕೇಳಿದ್ದಳು. ಕತ್ತಿ ಕೆಳಗಿಡುವುದಕ್ಕೆ ಇನ್ನೆಷ್ಟು ಬೇಕೋ ಎಂದುಕೊಂಡಳು.

ಮಜ್ಜೆಯ ವರದಿ ಬಂತು. ರಕ್ತದ ಕಾಯಿಲೆ ನಿಜವೇ ಆಗಿತ್ತು. ಅದಕ್ಕೆ ಬೇರೆ ವೈದ್ಯರು, ಉದ್ದದ ದಾರಿ. ಆದರೆ ಮಾತ್ರೆ ಶುರುವಾದ ಮೇಲೆ ಹುಣ್ಣು ಹರಡುವುದು ನಿಂತಿತ್ತು, ಅಂಚಿನ ನೇರಳೆ ತಿಳಿಯಾಗುತ್ತಿತ್ತು. ಪಟ್ಟಿ ಬದಲಿಸುವುದನ್ನು ಸರ್ಜನ್ ಯಾರಿಗೂ ಬಿಡಲಿಲ್ಲ. ಅಂಟಿದ ಬಟ್ಟೆಯನ್ನು ನೀರಲ್ಲಿ ನೆನೆಸಿ ನೆನೆಸಿ, ಒಂದು ಎಳೆಯೂ ಚರ್ಮವನ್ನು ಜಗ್ಗದಂತೆ ಬಿಡಿಸುತ್ತಿದ್ದರು.

"ನಿಮ್ಮ ಕೈ ಇಷ್ಟು ಹಗುರ ಅಂತ ಗೊತ್ತೇ ಇರಲಿಲ್ಲವಲ್ಲಪ್ಪ," ಎಂದರು ಅತ್ತೆ.

"ನನಗೂ ಗೊತ್ತಿರಲಿಲ್ಲ ಅಜ್ಜಿ," ಎಂದು ಅವರು ಮತ್ತೆ ನೀರು ಹನಿಸಿದರು.