ಗೋಣಿಯ ಸಪ್ಪಳ

ಶಹಾಬಾದಿನ ಕಲ್ಲಂಗಳದಲ್ಲಿ ಅಮೃತಮ್ಮ ನೆಲಕ್ಕೆ ಹಾಸುವ ಫರಸಿ ಕಲ್ಲುಗಳನ್ನು ಸುತ್ತಿಗೆಯಿಂದ ತಟ್ಟಿ, ಸಪ್ಪಳ ಕೇಳಿಯೇ ಒಳಗಿನ ಬಿರುಕು ಹೇಳುತ್ತಿದ್ದಳು. ಗುಲ್ಬರ್ಗಾದಲ್ಲಿ ಬಿ.ಎಸ್ಸಿ. ಮುಗಿಸಿ ಮೇಲ್ವಿಚಾರಕನಾಗಿ ಬಂದಿದ್ದ ನಾಗೇಂದ್ರಪ್ಪನಿಗೆ ಅದನ್ನು ನೋಡುವುದೇ ಒಂದು ಸೊಗಸು.

ಅಂದು ಕಲ್ಲುಕುಟಿಗ ಹಣಮಪ್ಪ ಕಡಿದು ತಂದ ಹನ್ನೆರಡು ಫರಸಿಗಳೂ ತಟ್ಟಿದಾಗ ಬದ್ದ್ ಎಂದವು; ಎಲ್ಲವೂ ಒಡಕು ಎಂದಳು ಅವಳು. ಅವನ ಎಂಟು ದಿನದ ಕೆಲಸ ಜಲ್ಲಿಯಾಗುವುದಿತ್ತು. ಅವನು ಒಪ್ಪದಿದ್ದಾಗ ಒಂದನ್ನು ಎತ್ತಿ ಒಡೆಸಿದರು. ಒಳಗೆ ಬಿರುಕು ಇದ್ದೇ ಇತ್ತು.

“ನೋಡ್ದಿ? ಅಮೃತಮ್ಮಗ ಗೊತ್ತಿಲ್ದ ಕಲ್ಲು ಯಾವುದದ!” ಎಂದ ನಾಗೇಂದ್ರಪ್ಪ.

ಅಮೃತಮ್ಮ ಮಾತ್ರ ಕಲ್ಲು ಎತ್ತಿದ ಜಾಗವನ್ನೇ ನೋಡುತ್ತಿದ್ದಳು. ಅಂಚು ಮುರಿಯದಿರಲೆಂದು ಹಮಾಲರು ಸಾಲಿನುದ್ದಕ್ಕೂ ಕೆಳಗೆ ಹಾಸಿದ್ದ ಗೋಣಿಚೀಲಗಳು ಮಳೆಗೆ ತೊಯ್ದಿದ್ದವು.

“ಹಸಿ ಗೋಣಿ ಮ್ಯಾಲ ಚಲೋ ಕಲ್ಲೂ ಹಿಂಗೇ ಬದ್ದ್ ಅಂತದ್ರಿ ಸಾಹೇಬ್ರ. ನಾ ಕೇಳಿದ್ದು ಬಿರುಕಲ್ಲ, ಗೋಣಿ.”

“ಆದ್ರ ನೀ ಹೇಳಿದ್ದು ಖರೇ ಆತಲ್ಲವ್ವಾ?”

“ಖರೇ ಆತ್ರಿ. ನನಗ ಗೊತ್ತಿತ್ತು ಅಂತ ಮಾತ್ರ ಅನಬ್ಯಾಡ್ರಿ.”

ಉಳಿದ ಹನ್ನೊಂದನ್ನೂ ಎರಡೆರಡು ಕಟ್ಟಿಗೆಯ ಮೇಲೆ ಇರಿಸಿ ಅವಳು ಮತ್ತೆ ತಟ್ಟಿದಳು. ಎರಡು ಮೊದಲಿನಂತೆಯೇ ಬದ್ದ್ ಎಂದವು. ಒಂಬತ್ತು ಕಂಚಿನ ತಾಟಿನಂತೆ ಠಣ್ ಎಂದವು.

ಹಣಮಪ್ಪ ನಿರಾಳವಾಗಿ ನಕ್ಕ. “ಇಷ್ಟ್ ದಿನ ನಮ್ಮ ಒಡಕು ಹುಡುಕ್ತಿದ್ದಿ ಅಕ್ಕಾ, ಇವತ್ತು ನಿಂದೇ ಹುಡುಕಿದಿ!”

“ಅದೂ ನನ್ನ ಕೆಲಸನೇ ಹೌದಿಲ್ಲೋ ತಮ್ಮಾ?”

ತನ್ನ ಉತ್ತರವು ಪುಸ್ತಕದ ಕೊನೆಯ ಪುಟದಲ್ಲಿ ಕೊಟ್ಟ ಉತ್ತರಕ್ಕೆ ಹೊಂದಿದರೆ ಸಾಕು, ಬಿಡಿಸಿದ ರೀತಿ ತಪ್ಪಿದ್ದರೂ ಸರಿ ಎಂದು ಕಾಲೇಜಿನಲ್ಲಿ ಲೆಕ್ಕದ ಪುಸ್ತಕ ಮುಚ್ಚಿಡುತ್ತಿದ್ದ ನಾಗೇಂದ್ರಪ್ಪ, ಅಂಗಿಯ ತೋಳು ಮಡಚಿ, ಪಕ್ಕದ ಸಾಲಿನ ಕಲ್ಲುಗಳ ಕೆಳಗಿನ ಹಸಿ ಗೋಣಿಗಳನ್ನು ತಾನೇ ಎಳೆಯತೊಡಗಿದ.